ಜಗಲಿಯ ಎಲೆ

ಎಪ್ಪತ್ತರ ದಶಕದ ಕೊನೆಯಲ್ಲಿ ಮಣಿಪಾಲದ ಇಳಿಜಾರಿನಲ್ಲಿದ್ದ ನಮ್ಮ ಮನೆಯ ಹೊರಕೋಣೆಗೆ ಕೀನ್ಯಾದ ವೈದ್ಯ ವಿದ್ಯಾರ್ಥಿಯೊಬ್ಬ ಬಾಡಿಗೆಗೆ ಬಂದ. ಅವನನ್ನು ಕರೆತಂದವನು ನನ್ನ ಆಫೀಸಿನ ಗೆಳೆಯ, ಕಾಪುವಿನ ಮೀನುಗಾರರ ಮನೆಯವನು. ಹುಡುಗನ ಬಣ್ಣ ನೋಡಿ ಅಮ್ಮ ಏನಾದರೂ ಅಂದುಬಿಟ್ಟರೆ ಎಂಬ ಚಿಂತೆ ನನಗೆ ಮೊದಲೇ ಇತ್ತು. ಅಮ್ಮ ಕೇಳಿದ್ದು ಒಂದೇ.

"ಕೋಣೆಯಲ್ಲಿ ಮೀನು ಬೇಯಿಸುತ್ತಾನೋ?"

"ಇಲ್ಲ ಅಮ್ಮ, ಮೆಸ್ಸಿನಲ್ಲಿ ಊಟ. ಮೀನು ಬೇಕಾದರೆ ನಮ್ಮಲ್ಲಿಗೆ ಬರ್ತಾನೆ," ಎಂದ ಗೆಳೆಯ.

ಆ ಭಾನುವಾರ ಅಮ್ಮ ಇಬ್ಬರನ್ನೂ ಊಟಕ್ಕೆ ಕರೆದರು. ಹುಡುಗನಿಗೆ ಒಳಗೆ, ನನ್ನ ಪಕ್ಕದಲ್ಲಿ ಎಲೆ ಹಾಕಿದರು. ಅವನಿಗೆ ನಮಗೆ ಗೊತ್ತಿದ್ದ ಯಾವ ಜಾತಿಯೂ ಇರಲಿಲ್ಲ. ಹಾಗಾಗಿ ಅವನನ್ನು ಹೊರಗೆ ಕೂರಿಸುವ ಕ್ರಮ ಅಮ್ಮನಿಗೆ ತಿಳಿದಿರಲಿಲ್ಲ. ಗೆಳೆಯನಿಗೆ ಮಾತ್ರ ಎಂದಿನಂತೆ ಜಗಲಿಯಲ್ಲೇ. ಉಂಡ ಮೇಲೆ ತನ್ನ ಎಲೆ ತಾನೇ ತೆಗೆದು, ಸೆಗಣಿನೀರಿನಿಂದ ನೆಲ ಸಾರಿಸಿ ಹೋಗುವುದು ಅವನಿಗೆ ಅಭ್ಯಾಸವಾಗಿತ್ತು. ಯಾರೂ ಹೇಳಿದ್ದಲ್ಲ. ಯಾರೂ ಬೇಡ ಅಂದದ್ದೂ ಅಲ್ಲ.

ಆ ದಿನ ಅವನು ಬಾಗಿಲಿನಿಂದ ಒಳಗೆ ಇಣುಕಿದ.

"ಎಂತ ಮಾರಾಯ, ನಾನೂ ಒಮ್ಮೆ ಆಫ್ರಿಕಾಕ್ಕೆ ಹೋಗಿ ಬಂದರೆ ಒಳಗೆ ಎಲೆ ಸಿಕ್ಕೀತಾ?"

ಅವನು ನಕ್ಕ. ನಾನೂ ನಕ್ಕೆ. ಅಮ್ಮ ನಗಲಿಲ್ಲ.

ಹುಡುಗ ಆಸ್ಪತ್ರೆಯ ರೋಗಿಗಳಿಂದ ಕಲಿತ ಕನ್ನಡದಲ್ಲಿ ನನ್ನನ್ನು ಕೇಳಿದ: "ಅವರು ಯಾಕೆ ಹೊರಗೆ?"

"ಅಲ್ಲಿ ಗಾಳಿ ಉಂಟು," ಎಂದೆ. ಗಾಬರಿಯಲ್ಲಿ ನನಗೆ ಹೊಳೆದದ್ದು ಅಷ್ಟೇ.

"ಹಾಗಾದರೆ ನಾನೂ ಅಲ್ಲಿಗೆ," ಎಂದವನೇ ಬಡಿಸಿದ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟ. ಬಡಿಸಿದ ಎಲೆಯನ್ನು ಎತ್ತಬಾರದೆಂದು ಅವನಿಗೆ ಯಾರು ಹೇಳಬೇಕಿತ್ತು? ಎಂಜಲು ಸಾರು ಊಟದ ಕೋಣೆಯಿಂದ ದೇವರ ಕೋಣೆಯ ಮುಂದಾಗಿ ಜಗಲಿಯವರೆಗೂ ಸುರಿಯಿತು.

"ಅಯ್ಯೋ, ಎಲೆ ಬಿಡು ಮಾರಾಯ!" ಎಂದು ಕೂಗಿದ ಗೆಳೆಯ, ಸರಿದು ಜಾಗ ಮಾತ್ರ ಮಾಡಿಕೊಟ್ಟ. ಅಮ್ಮ ಸೌಟು ಹಿಡಿದು ನಿಂತೇ ಇದ್ದರು.

ಆ ವಾರವಿಡೀ ಬಸ್ಸಿನಲ್ಲಿ ಗೆಳೆಯ ನನ್ನೊಂದಿಗೆ ಮಳೆಯ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಇನ್ನು ಇವನು ನಮ್ಮಲ್ಲಿಗೆ ಬರುವುದಿಲ್ಲ ಎಂದುಕೊಂಡೆ. ಅಮ್ಮ ಮಾತ್ರ ಮುಂದಿನ ಭಾನುವಾರಕ್ಕೂ ಹೇಳಿಕಳಿಸಿದರು. ಅವನು ಬಂದ. ಜಗಲಿಯಲ್ಲಿ ಮೂರು ಎಲೆ ಹಾಕಿತ್ತು.

"ನೀನೂ ಅಲ್ಲೇ ಕೂತ್ಕೋ," ಎಂದರು ಅಮ್ಮ ನನಗೆ. "ನೀನೊಬ್ಬ ಒಳಗೆ ಕೂತರೆ ಆ ಹುಡುಗ ಪುನಃ ಎಲೆ ಹೊತ್ತು ಒಳಗೆ ಬಂದಾನು. ಮನೆಯಿಡೀ ತೊಳೆಯಲು ನನ್ನಿಂದಾಗದು."

ನಮ್ಮ ಮನೆಗೆ ಸಮಾನತೆ ಬಂದದ್ದು ಹೀಗೆ, ಎಲ್ಲರನ್ನೂ ಹೊರಗೆ ಹಾಕಿ.

ಊಟವಾದ ಮೇಲೆ ಗೆಳೆಯ ತನ್ನ ಎಲೆ ಎತ್ತಿದ. ಅವನನ್ನು ನೋಡಿ ಹುಡುಗನೂ ಎತ್ತಿದ. ಹುಟ್ಟಿದಂದಿನಿಂದ ನನ್ನ ಎಲೆಯನ್ನು ಅಮ್ಮನೇ ತೆಗೆಯುತ್ತಿದ್ದರು. ಈಗ ಅದನ್ನು ಹಿಡಿದುಕೊಂಡು ಅಂಗಳದಲ್ಲಿ ನಿಂತೆ.

"ಎಲ್ಲಿಗೆ ಹಾಕುವುದು?" ಎಂದು ಗೆಳೆಯನನ್ನು ಕೇಳಿದೆ.

"ಆ ತೆಂಗಿನ ಬುಡಕ್ಕೆ," ಎಂದ ಅವನು. "ಮನೆ ನಿನ್ನದಲ್ವಾ ಮಾರಾಯ?"