ಸುಬ್ಬಮ್ಮನ ಬೊಂಬಾಯಿ ಪಂದ್ಯ

ಬ್ಯಾಟರಾಯನಪುರದ ಸುಬ್ಬಮ್ಮನಿಗೆ ಫುಟ್‌ಬಾಲ್ ಎಂದರೆ ಸುತರಾಂ ಆಗುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಬಾವಿ ಪಕ್ಕದ ತುಂಡು ಹೊಲದಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಬೆಳೆದು, ಮಂಕರಿ ಹೊತ್ತು ಮಲ್ಲೇಶ್ವರದ ಮಾರ್ಕೆಟ್ಟಿಗೆ ನಡೆದು ಸಾಕಿದ ಒಬ್ಬನೇ ಮಗ ಪಿಳ್ಳಪ್ಪ. ಅವನು ಭಾನುವಾರ ಬಂತೆಂದರೆ ಮೊಣಕಾಲು ತರಚಿಕೊಂಡು, ಅಂಗಿ ಹರಿದುಕೊಂಡು ಮನೆಗೆ ಬರುವನು.

"ಯಾರೋ ಒದೆಯೋ ಚೆಂಡಿಗೆ ನೀನ್ಯಾಕ್ ಅಡ್ಡ ಬೀಳ್ತೀಯೋ?" ಎಂದು ಅವಳು ಬೈಯುವಳು.

"ಅಡ್ಡ ಬೀಳೋದೇ ನನ್ ಕೆಲ್ಸ ಕಣಮ್ಮ. ನಾನು ಗೋಲಿ, ಗೋಲು ಕಾಯೋನು," ಎಂದು ಅವನು ನಗುವನು.

ಪಿಳ್ಳಪ್ಪನಿಗೆ ಆ ಕೆಲಸ ಬಂದದ್ದು ಹೆಂಚಿನಿಂದ. ಯಶವಂತಪುರದ ಹೆಂಚಿನ ಕಾರ್ಖಾನೆಯಲ್ಲಿ ಅವನು ಲಾರಿ ತುಂಬುವ ಆಳು. ಕೆಳಗಿನವನು ಎಸೆದ ಹೆಂಚನ್ನು ಮೇಲೆ ನಿಂತು ಹಿಡಿದು ಜೋಡಿಸಬೇಕು. ಅವನ ಕೈಯಿಂದ ಹೆಂಚು ಜಾರಿದ್ದನ್ನು ಕಂಡವರಿಲ್ಲ. ಕಾರ್ಖಾನೆಯ ಮೇಸ್ತ್ರಿ ಮುನಿಶಾಮಪ್ಪನಿಗೆ ಫುಟ್‌ಬಾಲ್ ಹುಚ್ಚು, ತಂಡ ಕಟ್ಟಿದವನೇ ಆತ. ಒಂದು ದಿನ ಲಾರಿ ಪಕ್ಕ ನಿಂತು ನೋಡಿದವನು, "ಏಯ್ ಪಿಳ್ಳಪ್ಪ, ಇಳಿಯೋ ಕೆಳಕ್ಕೆ" ಎಂದು ಮೈದಾನಕ್ಕೆ ಎಳೆದುಕೊಂಡು ಹೋಗಿ ಗೋಲಿನ ಮುಂದೆ ನಿಲ್ಲಿಸಿದ. ಆಗಿನಿಂದ ಅದು ಅವನ ಜಾಗ. ಅವನ ಮುಂದೆ ಬ್ಯಾಕ್ ಆಡುತ್ತಿದ್ದವನು ಪಕ್ಕದ ಮನೆಯ ಮಂಜೂರ್, ಜಟಕಾ ಹೊಡೆಯುವವರ ಮಗ.

ಐವತ್ತೇಳನೆಯ ಇಸವಿಯಲ್ಲಿ ಮುನಿಶಾಮಪ್ಪ ಧೈರ್ಯ ಮಾಡಿ ತಂಡವನ್ನು ಅಖಿಲ ಭಾರತ ಕಪ್ಪಿಗೆ ಸೇರಿಸಿದ. ಒಂದು ಸಲ ಸೋತರೆ ಗಂಟುಮೂಟೆ ಕಟ್ಟಬೇಕು, ಇನ್ನೊಂದು ಅವಕಾಶವಿಲ್ಲ. ಮೊದಲ ಪಂದ್ಯ ಕೋಲಾರದ ಗಣಿ ಕಡೆಯವರ ಮೇಲೆ ಗೆದ್ದರು. ಎರಡನೆಯದು ಕಂಟೋನ್ಮೆಂಟಿನ ಮೈದಾನದಲ್ಲಿ, ಹೈದರಾಬಾದಿನ ಪೊಲೀಸರ ಮೇಲೆ. ಅವರೆಂದರೆ ಗಟ್ಟಿ ಆಳುಗಳು, ಎಲ್ಲರ ಕಾಲಲ್ಲೂ ಬೂಟು.

ಆ ದಿನ ಮಂಜೂರನ ತಾಯಿ ಬದರುನ್ನೀಸಾ ಬಾಗಿಲಿಗೆ ಬಂದು ನಿಂತಳು. "ಸುಬ್ಬಕ್ಕ, ಏಳು. ನಮ್ಮನೆಯೋರು ಜಟಕಾ ಕಟ್ಟವ್ರೆ. ಮಕ್ಳು ಏನ್ ಆಡ್ತಾರೋ ಒಂದ್ ಸಲ ನೋಡ್ಕಂಡು ಬರಾಣ."

"ನಂಗ್ಯಾಕಮ್ಮ ಅದು?" ಎಂದಳು ಸುಬ್ಬಮ್ಮ. ಎಂದವಳೇ ಸೀರೆ ಬದಲಿಸಿಕೊಂಡು ಹತ್ತಿದಳು.

ಮೈದಾನದ ಹಗ್ಗದ ಪಕ್ಕ ಕುಳಿತ ಅವಳಿಗೆ ಆಟದ ಒಂದು ಅಂಶ ಮಾತ್ರ ಅರ್ಥವಾಯಿತು: ಅಷ್ಟು ಜನ ಗಂಡಸರು ಸೇರಿಕೊಂಡು ತನ್ನ ಮಗನ ಕಡೆಗೇ ಒದೆಯುತ್ತಿದ್ದಾರೆ. ಅವನು ಹಾರಿ ಹಿಡಿದಾಗಲೆಲ್ಲ ಜನ ಕೂಗುವರು, ಇವಳು ಹಗ್ಗ ಹಿಡಿದು ಅರ್ಧ ಏಳುವಳು. ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಪಿಳ್ಳಪ್ಪ ಒಬ್ಬನ ಕಾಲ ಬುಡಕ್ಕೇ ಬಿದ್ದು ಚೆಂಡನ್ನು ಅಪ್ಪಿಕೊಂಡ. ಬೂಟು ಅವನ ಬಲಗೈ ಮೇಲೆ ಇಳಿಯಿತು.

ಸುಬ್ಬಮ್ಮ ಹಗ್ಗ ದಾಟಿದ್ದು ಬದರುನ್ನೀಸಾಗೂ ಗೊತ್ತಾಗಲಿಲ್ಲ. ನೋಡುವಷ್ಟರಲ್ಲಿ ಅವಳು ಮೈದಾನದ ಒಳಗಿದ್ದಳು. ರೆಫರಿ ಅಡ್ಡ ಬಂದ. "ಯಾರಮ್ಮ ನೀವು? ಆಚೆ ಹೋಗಿ."

"ನಾನ್ಯಾರಾ? ಇವನ್ನ ಎತ್ತ ತಾಯಿ. ನೀನ್ಯಾರಪ್ಪ, ಪೀಪಿ ಊದ್ಕಂಡು ನಿಂತಿರೋನು? ಮಗೀನ್ ಕೈ ತುಳುದ್ರೂ ನೋಡ್ತಾ ನಿಂತಿದ್ದೀಯಲ್ಲ!"

ತುಳಿದ ಹೈದರಾಬಾದಿನ ಹುಡುಗ ಕೈ ಮುಗಿದುಬಿಟ್ಟ. ಅವಳಿಗೆ ಅವನ ಮೇಲೂ ಅಯ್ಯೋ ಅನ್ನಿಸಿತು. ಸೆರಗಿನ ಅಂಚನ್ನು ಹರಿದು, ಊದುತ್ತಿದ್ದ ಮಗನ ಎರಡು ಬೆರಳನ್ನು ಸೇರಿಸಿ ಬಿಗಿದು ಕಟ್ಟಿದಳು. "ನಡಿ ಮನೆಗೆ," ಎಂದಳು.

"ಆಗಲ್ಲಮ್ಮ," ಎಂದ ಪಿಳ್ಳಪ್ಪ. ಹಲ್ಲು ಕಚ್ಚಿಕೊಂಡಿದ್ದ. "ನಾನ್ ಒಂಟೋದ್ರೆ ನಮ್ಮೋರು ಹತ್ತೇ ಜನ ಆಗ್ತಾರೆ."

ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಮುನಿಶಾಮಪ್ಪ ಹಗ್ಗದಾಚೆಯಿಂದಲೇ ಕೂಗಿದ: "ಮಂಜೂರ್, ನೀನು ಗೋಲಿಗೆ ನಿಂತ್ಕೊ. ಪಿಳ್ಳಪ್ಪ, ನೀನು ಮುಂದೆ ಎಡಗಡೆ ಸುಮ್ನೆ ನಿಂತಿರು. ಅವರ ಕಡೆ ಒಬ್ಬನಾದ್ರೂ ನಿನ್ನ ಕಾಯ್ಕೊಂಡಿರ್ಲಿ."

ಪೊಲೀಸರು ಗಾಯದ ಆಳು ಏನು ಮಾಡಿಯಾನು ಎಂದು ಅವನನ್ನು ಕಾಯಲೇ ಇಲ್ಲ. ಕೈಯನ್ನು ಎದೆಗೊತ್ತಿಕೊಂಡು ಅವನು ತನ್ನ ಪಾಡಿಗೆ ತಾನು ನಿಂತಿದ್ದ. ಆಟ ಮುಗಿಯುತ್ತ ಬಂದಾಗ ಒಂದು ಕಾರ್ನರ್ ಸಿಕ್ಕಿತು. ಚೆಂಡು ಎಲ್ಲರ ತಲೆ ದಾಟಿ ಬಂತು. ಎಸೆದ ಹೆಂಚು ಎಲ್ಲಿ ಇಳಿಯುತ್ತದೆಂದು ವರ್ಷಗಟ್ಟಲೆ ನೋಡಿದ ಕಣ್ಣು ಅದು. ಪಿಳ್ಳಪ್ಪ ಎರಡು ಹೆಜ್ಜೆ ಓಡಿ ಹಣೆ ಕೊಟ್ಟ. ಬಲೆ ಅಲುಗಿತು.

ಜನ ಎದ್ದು ಕುಣಿದರು. "ಏನಾಯ್ತೇ?" ಎಂದು ಹಗ್ಗದಾಚೆ ಬಂದು ಕೂತಿದ್ದ ಸುಬ್ಬಮ್ಮ ಬದರುನ್ನೀಸಾಳನ್ನು ಅಲುಗಿಸಿದಳು. "ನಿನ್ ಮಗ ಗೋಲ್ ಒಡ್ದ ಕಣಕ್ಕ!" ಎಂದು ಅವಳು ಅಳುತ್ತಿದ್ದಳು. ಸುಬ್ಬಮ್ಮನಿಗೆ ನಗು ಬಂತು, ಕಣ್ಣೀರೂ ಬಂತು. ಯಾವುದನ್ನು ಮೊದಲು ಒರೆಸಿಕೊಳ್ಳಬೇಕೆಂದು ತಿಳಿಯದೆ ಹರಿದ ಸೆರಗನ್ನೇ ಬಾಯಿಗೆ ಹಿಡಿದಳು.

ಆ ಒಂದೇ ಗೋಲಿಗೆ ಪಂದ್ಯ ಗೆದ್ದರು. ಮುಂದಿನ ಪಂದ್ಯಗಳು ಬೊಂಬಾಯಿಯಲ್ಲಿ. ಹಿಂದೊಮ್ಮೆ ಹೊರಗೆ ಆಡಲು ಹೋದಾಗ ಹೋಟೆಲ್ ಊಟಕ್ಕೆ ಹುಡುಗರ ಹೊಟ್ಟೆ ಕೆಟ್ಟು ಅರ್ಧ ತಂಡ ಮಲಗಿತ್ತು. ಮುನಿಶಾಮಪ್ಪ ಸುಬ್ಬಮ್ಮನ ಜಗುಲಿಗೆ ಬಂದು ಕುಳಿತ. "ಸುಬ್ಬಕ್ಕ, ನೀವು ಬಂದು ಮುದ್ದೆ ತೊಳಸಿ ಆಕಿದ್ರೆ ಹುಡುಗ್ರು ಗೆಲ್ತಾರೆ."

ಯಲಹಂಕದ ಆಚೆ ಹೆಜ್ಜೆ ಇಡದವಳು ಸುಬ್ಬಮ್ಮ. ಪಕ್ಕದ ಮನೆಯ ಕಡೆ ನೋಡಿ ಹೇಳಿದಳು: "ಬದರು ಬಂದ್ರೆ ಬರ್ತೀನಿ."

ಹಾಗೆ ಇಬ್ಬರು ತಾಯಂದಿರು ಒಂದು ಚೀಲ ರಾಗಿಹಿಟ್ಟು, ಹುರಳಿಕಾಳು, ಒಣಮೆಣಸಿನಕಾಯಿ ಇಟ್ಟುಕೊಂಡು ಯಶವಂತಪುರದಲ್ಲಿ ರೈಲು ಹತ್ತಿದರು. ಬೊಂಬಾಯಿಯಲ್ಲಿ ತಂಡ ಇಳಿದದ್ದು ಒಂದು ಹಳೆಯ ಶಾಲೆಯ ಕಟ್ಟಡದಲ್ಲಿ. ಊರಿನಲ್ಲಿ ಸುಬ್ಬಮ್ಮ ಬದರುನ್ನೀಸಾಳ ಮನೆಯ ನೀರು ಮುಟ್ಟಿದವಳಲ್ಲ. ಇಲ್ಲಿ ಇದ್ದದ್ದು ಒಂದೇ ಒಲೆ. ಮೊದಲ ದಿನ ಬದರುನ್ನೀಸಾ ದೂರ ನಿಂತು ಸೊಪ್ಪು ಸೋಸಿದಳು. "ಅಲ್ಲೇನ್ ನಿಂತಿದ್ದೀಯೆ? ಎಸರು ಕುದೀತೈತೆ, ಬಂದು ರಾಗಿ ಇಟ್ಟು ಉಯ್ಯಿ," ಎಂದಳು ಸುಬ್ಬಮ್ಮ. ಬದರುನ್ನೀಸಾ ಸೆರಗು ಸಿಕ್ಕಿಸಿಕೊಂಡು ಒಲೆ ಮುಂದೆ ಬಂದು ಕೂತಳು.

ಒಂದು ಪಂದ್ಯ ಗೆದ್ದು ಸೆಮಿಫೈನಲ್ ಮುಟ್ಟಿದರು. ಪಿಳ್ಳಪ್ಪ ಕಟ್ಟು ಹಾಕಿದ ಕೈಯಲ್ಲಿ ಹೊರಗೆ ಕೂತಿದ್ದ, ಗೋಲಿನಲ್ಲಿ ಮಂಜೂರ್. ಎದುರಿಗೆ ಕಲ್ಕತ್ತೆಯ ದೊಡ್ಡ ತಂಡ. ಒಂದೊಂದು ಗೋಲಿಗೆ ಸಮನಾಗಿ ನಿಂತಿದ್ದಾಗ, ಕೊನೆಗಳಿಗೆಯಲ್ಲಿ ಮಳೆಗೆ ಒದ್ದೆಯಾದ ಚೆಂಡು ಮಂಜೂರನ ಅಂಗೈಯಿಂದ ಜಾರಿ ಗೆರೆ ದಾಟಿತು. ಅಲ್ಲಿಗೆ ಮುಗಿಯಿತು.

ಮಂಜೂರ್ ಶಾಲೆಯ ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ಕೂತ. ಅವನು ಉಣ್ಣದಿದ್ದರೆ ಯಾರೂ ಉಣ್ಣರು. ತಾಯಿ ಕರೆದರೂ ಏಳಲಿಲ್ಲ. ಪಿಳ್ಳಪ್ಪ ಹೋಗಿ ಪಕ್ಕ ಕೂತು, "ನಾನಿದ್ದಿದ್ರೂ ಬಿಡ್ತಿದ್ದೆ ಮಗಾ" ಎಂದ. ಅವನು ಗೋಡೆಗೆ ಹಣೆ ಒತ್ತಿದ.

ಸುಬ್ಬಮ್ಮ ತಟ್ಟೆ ಹಿಡಿದು ಬಂದಳು. "ನೋಡಪ್ಪ, ಆಟ ನಂಗ್ ತಿಳಿಯಾಕಿಲ್ಲ. ಇವನ್ ಕೈ ಮುರಿದಾಗ ನೀನು ಅವನ ಜಾಗದಲ್ಲಿ ನಿಂತೆ. ನಿಲ್ದಿದ್ರೆ ನಾನು ಈ ಊರು ಎಲ್ಲಿ ನೋಡ್ತಿದ್ದೆ? ಬಾಯ್ ತೆಗಿ." ಮುದ್ದೆ ಮುರಿದು ಸಾರಿಗದ್ದಿ ಅವನ ಬಾಯಿಗಿಟ್ಟಳು. ಅವನು ಅಳುತ್ತಲೇ ನುಂಗಿದ. ಮರುದಿನ ಎಲ್ಲರೂ ಸೇರಿ ಅವಳಿಗೆ ಸಮುದ್ರ ತೋರಿಸಿದರು. ಮೊಣಕಾಲುದ್ದ ನೀರಿನಲ್ಲಿ ಬದರುನ್ನೀಸಾಳ ಕೈ ಹಿಡಿದು ನಿಂತು, ಅಲೆ ಬಂದಾಗೆಲ್ಲ ಹುಡುಗಿಯಂತೆ ಕಿರುಚಿದಳು.

ಪಿಳ್ಳಪ್ಪನ ಬೆರಳು ನೆಟ್ಟಗಾಗಲಿಲ್ಲ. ಅವನು ಗೋಲು ಬಿಟ್ಟು ಮುಂದೆ ಎಡಗಡೆಯ ಲೆಫ್ಟ್ ಔಟ್ ಆಡತೊಡಗಿದ, ಮಂಜೂರ್ ಗೋಲಿಯಾಗಿಯೇ ಉಳಿದ. ತಂಡ ಮತ್ತೆಂದೂ ಅಷ್ಟು ದೂರ ಹೋಗಲಿಲ್ಲ. ಸುಬ್ಬಮ್ಮ ಮಾತ್ರ ಅಲ್ಲಿಂದಾಚೆಗೆ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಸೊಸೆ ವೆಂಕಟಲಕ್ಷ್ಮಮ್ಮ ಮನೆಗೆ ಬಂದ ಹೊಸದರಲ್ಲಿ ಅವಳನ್ನೂ ಕರೆದುಕೊಂಡು ಹೋದಳು. ಹೆಬ್ಬಾಳದ ಬಸ್ಸಿನಲ್ಲಿ ವಾಪಸು ಬರುವಾಗ, ರೆಫರಿ ಮಗನ ಗೋಲು ತಳ್ಳಿಹಾಕಿದ ಬಗ್ಗೆ ಅತ್ತೆಯದು ಒಂದೇ ವಾದ.

"ಆಫ್‌ಸೈಡ್ ಅಂತೆ, ಆಫ್‌ಸೈಡು! ನಾನ್ ಅಲ್ಲೇ ಕೂತಿದ್ದೆ, ಅವ್ರ ಬ್ಯಾಕ್ ಇವನಿಗಿಂತ ಗೋಲಿನ್ ಅತ್ರಾನೇ ಇದ್ದ. ನೀನೇ ಏಳು ಬದರು, ಇದ್ದನೋ ಇಲ್ವೋ?"

"ಇದ್ದ ಇದ್ದ," ಎಂದಳು ಬದರುನ್ನೀಸಾ, ಕಿಟಕಿ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತ.