ದಂತದ ಎರಡು ಮುಖ

ಮೊನ್ನೆ ಮಗನ ಜೊತೆ ಆಸ್ಪತ್ರೆಯಿಂದ ಬರುವಾಗ ಎದುರು ಮನೆಯವರ ಬಾಗಿಲ ಮೇಲೆ ಹೊಸ ದೃಷ್ಟಿಗೊಂಬೆ ಕಂಡಿತು. ದಪ್ಪ ಮೀಸೆ, ಹೊರಚಾಚಿದ ನಾಲಿಗೆ. ಬೇರೆ ದಿನವಾಗಿದ್ದರೆ ಮಗ ತಮಾಷೆ ಮಾಡುತ್ತಿದ್ದ; ಅಂದು ನಗಲಿಲ್ಲ. ನನಗೋ ಸರೋಜಕ್ಕನ ಬಾಗಿಲು ನೆನಪಾಯಿತು.

ಎಂಬತ್ತರ ದಶಕದ ಕೊನೆ. ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯಲ್ಲಿ ಗ್ಯಾರೇಜುಗಳ ಮೇಲಿನ ಮಹಡಿಯಲ್ಲಿ ನಾವು ನೆರೆಹೊರೆ. ಸರೋಜಕ್ಕ ಕಾಪು ಕಡೆಯವರು. ಅವರ ಗಂಡ ವಸಂತಣ್ಣ ಒಬ್ಬ ಬಿಳಿಯ ಮುದುಕನ ಹಳೇ ವಸ್ತುಗಳ ಅಂಗಡಿಯಲ್ಲಿ ಗುಮಾಸ್ತರು. ಅಂಗಡಿ ಮುಚ್ಚುವಾಗ ಮುದುಕ ಅವರಿಗೊಂದು ದಂತದ ಕೆತ್ತನೆ ಕೊಟ್ಟ. ಸಣ್ಣ ನಿಂಬೆಹಣ್ಣಿನಷ್ಟು. ಒಂದು ಕಡೆ ಚೆಂದದ ಹೆಣ್ಣಿನ ಮುಖ, ಇನ್ನೊಂದು ಕಡೆ ಬುರುಡೆ, ಅದರ ಕಣ್ಣಿನ ಗುಳಿಯಲ್ಲೊಂದು ಹುಳ. ನಮ್ಮ ತಲೆಗೆ ಇನ್ನೇನು ಹೊಳೆಯಬೇಕು ಹೇಳಿ! ಬುರುಡೆಯನ್ನು ಹೊರಮುಖ ಮಾಡಿ ದೃಷ್ಟಿಗೆಂದು ಬಾಗಿಲಿಗೆ ತೂಗುಹಾಕಿದೆವು. ಸ್ಟೂಲು ಹಿಡಿದ ಜಾಣೆ ನಾನೇ.

ಸರೋಜಕ್ಕನಿಗೆ ಆಗ ಹೊಟ್ಟೆನೋವು. ಕಾಯಿಲೆಯ ಹೆಸರನ್ನು ಡಾಕ್ಟರು ವಸಂತಣ್ಣನಿಗೆ ಹೇಳಿದ್ದರು, ವಸಂತಣ್ಣ ನಮಗೆಲ್ಲ. ಸರೋಜಕ್ಕನಿಗೆ ಮಾತ್ರ ಎಲ್ಲರೂ 'ಗ್ಯಾಸ್' ಎಂದೆವು. ರೋಗಿಗೆ ಹೇಳಿದರೆ ಧೈರ್ಯ ಕುಂದುತ್ತದೆ ಎಂಬುದು ನಮ್ಮ ಜನರ ರೂಢಿ.

ತನ್ನ ದೇಶಕ್ಕೆ ಹೊರಡುವ ಮುನ್ನ ಮುದುಕ ಚಹಾಕ್ಕೆ ಬಂದ. ಬಾಗಿಲು ನೋಡಿ ನಕ್ಕು, ಇದು ಹೊರಗಿನವರಿಗಲ್ಲ, ಒಳಗಿರುವವರಿಗೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಅವರ ಕಡೆ ಹಿಂದೆ ಇಂಥದ್ದನ್ನು ಜಪಮಾಲೆಗೆ ಕಟ್ಟುತ್ತಿದ್ದರಂತೆ. ಬೆರಳಿಗೆ ತಾಗಿದಾಗಲೆಲ್ಲ ಸಾವು ನೆನಪಾಗಲಿ ಎಂದು. ಸರೋಜಕ್ಕ ಅರ್ಥ ಕೇಳಿದರು. ವಸಂತಣ್ಣ ಕೇಳದವರಂತೆ ಮುದುಕನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಹೇಳಿಬಿಟ್ಟೆ.

ವಸಂತಣ್ಣ ಅದನ್ನು ಬಿಚ್ಚಿ ಎಸೆಯಲು ಹೊರಟರು.

"ಬಿಸಾಡ್ಬೇಡಿ, ಇಲ್ಲಿ ಕೊಡಿ," ಎಂದು ಸರೋಜಕ್ಕ ಕೈಚಾಚಿದರು. ಬುರುಡೆಯ ಮೇಲೆ ಹೆಬ್ಬೆರಳಾಡಿಸುತ್ತ, "ನೀವೆಲ್ಲ ಗ್ಯಾಸ್ ಅಂತೀರಿ. ನಂಗೆ ಗೊತ್ತಾಗುದಿಲ್ವಾ? ನಡಿಲಿಕ್ಕೆ ಆಗುವಾಗಲೇ ನನ್ನನ್ನು ಊರಿಗೆ ಕಳ್ಸಿ. ಅಮ್ಮನ ಹತ್ರ ಸ್ವಲ್ಪ ದಿನ ಇದ್ರೆ ಸಾಕು. ಪೆಟ್ಟಿಗೆಯಲ್ಲಿ ಕಳಿಸ್ಬೇಡಿ ಮಾರಾಯ್ರೇ," ಎಂದರು.

"ಎಂತ ಮಾತು ಅದು! ಹೊಸ ಕೆಲಸ ಕೊಟ್ಟ ಕಫೀಲ್ ಏಪ್ರಿಲಲ್ಲಿ ರಜೆ ಕೊಡ್ತಾನೆ. ಅಷ್ಟರಲ್ಲಿ ಗುಣ ಆಗ್ತದೆ, ಒಟ್ಟಿಗೇ ಹೋಗುವ," ಎಂದರು ವಸಂತಣ್ಣ. ಕಳಿಸಿದರೆ ಸಾವನ್ನು ಒಪ್ಪಿಕೊಂಡಂತೆ ಎಂದು ಆ ಮನುಷ್ಯನಿಗೆ ಹೆದರಿಕೆ.

ಏಪ್ರಿಲಿಗೆ ಮೊದಲೇ ಸರೋಜಕ್ಕ ತೀರಿಕೊಂಡರು. ಪೆಟ್ಟಿಗೆಯನ್ನು ನಮ್ಮ ಬೀದಿಯ ಬಡಗಿಯೇ ಮಾಡಿದ. ಗರಗಸದ ಸದ್ದು ಕೇಳಲಾರದೆ ನಾನು ಅಡುಗೆಮನೆಯ ನಲ್ಲಿ ತಿರುಗಿಸಿ ಅತ್ತೆ. ಆ ದಂತ ಆಮೇಲೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಮೊನ್ನೆ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಮಗನ ಹತ್ತಿರ ಮಾತಾಡಿದ್ದರು. ಮನೆಯೊಳಗೆ ಬಂದದ್ದೇ ಅವನು, "ಏನಿಲ್ಲಮ್ಮ, ನಥಿಂಗ್ ಸೀರಿಯಸ್," ಎಂದ. ನನ್ನ ಮುಖ ನೋಡಲಿಲ್ಲ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ.

"ಎಷ್ಟು ಸಮಯ ಉಂಟು ಅಂದ್ರು? ಹೇಳು ಮಗ. ನಂಗೆ ಹೋಗಿ ನೋಡ್ಬೇಕಾದವರು ಇದ್ದಾರೆ."

ಅವನು ಅತ್ತುಬಿಟ್ಟ. ಅತ್ತು ಮುಗಿದ ಮೇಲೆ ಹೇಳಿದ.