ನಾಲಿಗೆಯಲ್ಲಿ ಕರೆಂಟ್ ನೋಡುತ್ತಿದ್ದ ದೂಮ

ದೂಮನಿಗೆ ಕರೆಂಟಿನ ರುಚಿ ಗೊತ್ತಿತ್ತು. ಬೇರೆಯವರು ಬಲ್ಬು ಹಿಡಿದು ನೋಡಿದರೆ ಇವನು ಬ್ಯಾಟರಿಯ ವಯರು ಸುಲಿದು, ನಾಲಿಗೆಯ ತುದಿಗೆ ತಾಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಬಿಂಬುಳಿ" ಎಂದರೆ ಹುಳಿ ಚೆನ್ನಾಗಿದೆ, ಬ್ಯಾಟರಿ ಗಟ್ಟಿ. "ಮಜ್ಜಿಗೆ" ಎಂದರೆ ಚಾರ್ಜಿಗೆ ಹಾಕಬೇಕು. "ಗಂಜಿನೀರು" ಎಂದರೆ ಗುಜರಿಗೆ ಕೊಡಬೇಕು. ಬಿ.ಸಿ.ರೋಡಿನ ಲಾರಿ ಡ್ರೈವರುಗಳು ಅವನನ್ನು ಆಡಿಕೊಂಡು ನಗುತ್ತಿದ್ದರು. ಆದರೆ ಬ್ಯಾಟರಿ ತರುತ್ತಿದ್ದದ್ದು ಅವನ ಅಂಗಡಿಗೇ.

ಇದರಿಂದ ಅವನ ನಾಲಿಗೆ ಕೆಟ್ಟು ಹೋಗಿತ್ತು. ಯಾರ ಮನೆಯಲ್ಲಿ ಏನು ತಿಂದರೂ "ಉಪ್ಪು ಕಡಿಮೆ" ಎನ್ನುತ್ತಿದ್ದ. ಒಮ್ಮೆ ನಾನು ಬೇಕೆಂದೇ ಸಾರಿಗೆ ಮುಷ್ಟಿಗಟ್ಟಲೆ ಉಪ್ಪು ಸುರಿದು ಬಡಿಸಿದೆ. ಚಪ್ಪರಿಸಿ ತಿಂದು, "ಇವತ್ತು ಪರವಾಗಿಲ್ಲ ಗಿರಿಜಕ್ಕ. ಇನ್ನೂ ಸ್ವಲ್ಪ ಹಾಕಬಹುದಿತ್ತು" ಎಂದ. ಅಂಥ ಮನುಷ್ಯನನ್ನು ಏನು ಮಾಡುವುದು?

ಪ್ರಾಯದಲ್ಲಿ ಮನೆಯಲ್ಲಿ ಜಗಳಾಡಿ ಬೊಂಬಾಯಿಗೆ ಓಡಿಹೋಗಿದ್ದನಂತೆ. ಅಲ್ಲಿ ಬಂದರಿನ ಗ್ಯಾರೇಜಿನಲ್ಲಿ ವಯರಿಂಗ್ ಕಲಿತು ವಾಪಸ್ ಬಂದ. ಮೂಡುಬಿದಿರೆಯ ತಂಗಿಯ ಮನೆಗೆ ಮಾತ್ರ ಕಾಲಿಡಲಿಲ್ಲ. ಬಾಯಿ ತೆರೆದರೆ "ಬೊಂಬಾಯಿಯಲ್ಲಿ" ಎಂದೇ ಮಾತು ಶುರು. ಇನ್ನೊಂದು ಮಾತು ಅರ್ತಿನದ್ದು. "ಕರೆಂಟ್ ಹೋಗುವುದು ದೊಡ್ಡದಲ್ಲ ಅಕ್ಕ, ವಾಪಸ್ ಬರಬೇಕು. ಮದುವೆಯಾದ ಮಗಳು ಆಟಿ ತಿಂಗಳಿಗೆ ತವರಿಗೆ ಬರುದಿಲ್ವಾ, ಹಾಗೆ. ಬರುವ ದಾರಿ ಕಟ್ಟಿದ್ರೆ ಅವಳು ಹೋಗುವುದೂ ಇಲ್ಲ, ಕೆಲಸವೂ ಇಲ್ಲ. ಆ ಬರುವ ದಾರಿಯೇ ಅರ್ತ್."

"ಹಾಗಾದ್ರೆ ನೀನು ತಂಗಿಯ ಮನೆಗೆ ಯಾವಾಗ ಹೋಗುವುದು?" ಎಂದು ಕೇಳಿದೆ.

"ನನಗೆ ಅರ್ತ್ ಇಲ್ಲ" ಎಂದು ಬೀಡಿ ಹಚ್ಚಿದ.

ನನ್ನದು ಬಂಟ್ವಾಳ ಪೇಟೆಯಲ್ಲಿ ಮದುವೆಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಗಂಡ ಸತ್ತ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೆ. ನೆರೆಯ ನೀರಿಗೆ ನಮ್ಮ ಎತ್ತಿನಗಾಡಿ ಕೊಚ್ಚಿಹೋಯಿತು. ಮೂಡುಬಿದಿರೆಯಲ್ಲಿ ಇನ್ನೊಬ್ಬ ಪಾತ್ರೆಯವನು ಲಾರಿಯನ್ನೇ ಇಟ್ಟುಕೊಂಡು ನನ್ನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಎಳೆಯುತ್ತಿದ್ದ. ಆಗ ಬೆಳ್ತಂಗಡಿಯ ಆಚೆಯ ಒಂದು ದೊಡ್ಡ ಮನೆಯ ಮದುವೆ ನನಗೆ ಬಂತು. ಭೂಮಸೂದೆಯಲ್ಲಿ ಅವರ ಗದ್ದೆಗಳು ಒಕ್ಕಲುಗಳಿಗೆ ಹೋಗಿದ್ದವು, ಊಟ ಮಾತ್ರ ಸಣ್ಣದಾಗಿರಲಿಲ್ಲ. ಮದುವೆಯ ಹಿಂದಿನ ದಿನ ಮಧ್ಯಾಹ್ನದೊಳಗೆ ಪಾತ್ರೆ ಮುಟ್ಟದಿದ್ದರೆ ಆ ಕಡೆಯ ಮನೆಗಳೆಲ್ಲ ಮೂಡುಬಿದಿರೆಯವನ ಪಾಲು. ನಾನು ಅಂಗಡಿ ಮುಚ್ಚಿ ಬೀಡಿ ಕಟ್ಟಲು ಕೂರಬೇಕು.

ಅದಕ್ಕೆ ನನ್ನ ತಮ್ಮ ಸಂಜೀವ ಒಂದು ಹಳೆಯ ವ್ಯಾನು ತಂದ. ಬೇಕರಿಯವರದ್ದು. ಒಳಗೆ ರಸ್ಕಿನ ವಾಸನೆ, ಇರುವೆ. ಅನ್ನ ಬೇಯಿಸುವ ದೊಡ್ಡ ಕೊಪ್ಪರಿಗೆಯನ್ನು ಹಗ್ಗದಿಂದ ಅಳೆದುಕೊಂಡೇ ಹೋಗಿದ್ದ. ಆದರೆ ಅಳೆದದ್ದು ಕೊಪ್ಪರಿಗೆಯ ತಳವನ್ನು, ಬಾಯನ್ನಲ್ಲ. ಅದು ವ್ಯಾನಿನ ಬಾಗಿಲಲ್ಲಿ ಹಿಡಿಸಲಿಲ್ಲ.

"ಕೊಪ್ಪರಿಗೆಯನ್ನು ತಲೆಕೆಳಗೆ ಮಾಡಿ ನೋಡುವ" ಎಂದ.

"ನಿನ್ನನ್ನು ಮಾಡ್ತೇನೆ" ಎಂದೆ.

ದೂಮ ಬಂದು ವ್ಯಾನಿಗೆ ಒಂದು ಸುತ್ತು ಹಾಕಿದ. "ಬೊಂಬಾಯಿಯಲ್ಲಿ ಇಂಥದಕ್ಕೆಲ್ಲ ಹಿಂದೆ ಟ್ರೈಲರ್ ಕಟ್ತಾರೆ. ಅದಕ್ಕೆ ಬೇರೆಯೇ ಬ್ರೇಕು, ಕರೆಂಟಿನದ್ದು" ಎಂದ. ನಮಗೆ ಬೇರೆ ದಾರಿ ಇರಲಿಲ್ಲ.

ಗುಜರಿಯ ಜೀಪಿನ ಅಚ್ಚಿಗೆ ಹಲಗೆ ಹೊಡೆದು ಟ್ರೈಲರ್ ಆಯಿತು. ಹಾಳಾದ ಮಿಲ್ಲಿನ ಮೋಟರಿನಿಂದ ತಾಮ್ರದ ತಂತಿ ಬಿಚ್ಚಿ, ಕಬ್ಬಿಣಕ್ಕೆ ಸುತ್ತಿ, ಮ್ಯಾಗ್ನೆಟ್ ಮಾಡಿ ಚಕ್ರದ ಒಳಗೆ ಕೂರಿಸಿದ. ಕರೆಂಟ್ ಕೊಟ್ಟರೆ ಮ್ಯಾಗ್ನೆಟ್ ಬ್ರೇಕನ್ನು ಎಳೆಯುತ್ತದೆ, ಚಕ್ರ ನಿಲ್ಲುತ್ತದೆ. ಕರೆಂಟ್ ಹೋಗಲು ಒಂದು ವಯರು, ವಾಪಸ್ ಬರಲು ಗಾಡಿಯ ಕಬ್ಬಿಣವೇ ಸಾಕು ಎಂದ. ಮೊದಲು ಅದನ್ನು ವ್ಯಾನಿನ ಕಾಲಿನ ಬ್ರೇಕಿಗೇ ಜೋಡಿಸಿದ್ದ. ಸಂಜೀವ ಕಾಲಿಟ್ಟ ಕೂಡಲೇ ಟ್ರೈಲರ್ ಗಕ್ಕನೆ ನಿಂತು ವ್ಯಾನಿನ ಬಂಪರನ್ನು ಕಿತ್ತುಕೊಂಡಿತು. "ಬ್ರೇಕು ಜೋರುಂಟು" ಎಂದು ದೂಮ ಸಂತೋಷಪಟ್ಟ. ಆಮೇಲೆ ಮಂಚದ ಬದಿಯಲ್ಲಿ ನೇತಾಡಿಸುವ ಪೇರಳೆ ಹಣ್ಣಿನಂಥ ಸ್ವಿಚ್ಚು ತಂದು ಉದ್ದ ವಯರಿಗೆ ಕಟ್ಟಿ ನನ್ನ ಕೈಗೆ ಕೊಟ್ಟ.

"ಗಿರಿಜಕ್ಕ, ಇಳಿಜಾರು ಬಂದ್ರೆ ಒತ್ತಿ ಬಿಡಿ, ಒತ್ತಿ ಬಿಡಿ. ಹಸುವಿನ ಹಾಲು ಕರೆದ ಹಾಗೆ."

ಅಲ್ಲಿಗೆ ನಾನು ಬ್ರೇಕಾದೆ.

ಹೊರಡುವ ದಿನ ಸಂಜೀವ ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ ಸ್ವಿಚ್ಚು ಹಿಡಿದು, ದೂಮ ಹಿಂದೆ ಟ್ರೈಲರಿನಲ್ಲಿ. ಅಲ್ಲಿ ಪಾತ್ರೆ ಬಿಟ್ಟು ಜಾಗ ಇರಲಿಲ್ಲ. ಅದಕ್ಕೆ ದೊಡ್ಡ ಕೊಪ್ಪರಿಗೆಯ ಒಳಗೇ ಕುಳಿತ. ಹೊರಗೆ ಕಾಣುತ್ತಿದ್ದದ್ದು ತಲೆ ಮಾತ್ರ. ಮಾತು ಕೇಳಲಿ ಎಂದು ವ್ಯಾನಿನ ಹಿಂಬಾಗಿಲನ್ನು ತೆರೆದೇ ಕಟ್ಟಿದ್ದೆವು. ದಾರಿಯಲ್ಲಿ ಬಸ್ಸಿನವರು ತಲೆ ಹೊರಗೆ ಹಾಕಿ, "ದೂಮಣ್ಣ, ಬೆಂದಿತಾ?" ಎಂದು ಕೇಳುತ್ತಿದ್ದರು. "ನಿನಗೇ ಬಡಿಸುದು, ಬಾ" ಎಂದು ಇವನು.

ಬ್ರೇಕು ಚೆನ್ನಾಗಿಯೇ ಹಿಡಿಯಿತು. ಆದರೆ ವ್ಯಾನಿಗೂ ಟ್ರೈಲರಿಗೂ ನಡುವಿನ ಕಬ್ಬಿಣದ ಕೊಂಡಿ ಟಣ್ ಟಣ್ ಎಂದು ಬಡಿಯುತ್ತಲೇ ಇತ್ತು. ಮಡಂತ್ಯಾರಿನಲ್ಲಿ ಚಾ ಕುಡಿಯಲು ನಿಂತಾಗ, "ನನ್ನ ತಲೆ ಒಡೆಯುತ್ತದೆ ಮಾರಾಯ, ಇದಕ್ಕೆ ಎಂತಾದ್ರು ಮಾಡು" ಎಂದೆ. ದೂಮ ಹಿಂದೆ ಹೋಗಿ ಏನೋ ಮಾಡಿ ಬಂದ. ಶಬ್ದ ನಿಂತಿತು. "ಬೊಂಬಾಯಿ ಉಪಾಯ" ಎಂದು ಮತ್ತೆ ಕೊಪ್ಪರಿಗೆ ಹತ್ತಿದ.

ಮುಂದೆ ಒಂದು ಉದ್ದ ಇಳಿಜಾರು. ನಾನು ಸ್ವಿಚ್ಚು ಒತ್ತಿದೆ. ಟ್ರೈಲರ್ ನಿಲ್ಲುವ ಬದಲು ವ್ಯಾನನ್ನೇ ದೂಡಿತು. ಸಂಜೀವ ಕಾಲಿನ ಬ್ರೇಕು ಒತ್ತಿ ಹಿಡಿದರೂ ಸಾಲಲಿಲ್ಲ. ಕೆಳಗೆ ತಿರುವು, ತಿರುವಿನ ಆಚೆ ನೀರು ಹರಿಯುವ ತೋಡು. ಪಾತ್ರೆಗಳೆಲ್ಲ ಮುಂದಕ್ಕೆ ಜಾರಿ ಬೊಬ್ಬೆ ಹಾಕತೊಡಗಿದವು. ಎಲ್ಲ ಸಾಮಾನೂ ತೋಡಿಗೆ ಹೋದರೆ ನಾಳೆ ಅವರ ಮದುವೆಗೆ ಅನ್ನವಿಲ್ಲ, ನಾಡಿದ್ದು ನನಗಿಲ್ಲ.

"ಒತ್ತಿ ಗಿರಿಜಕ್ಕ, ಒತ್ತಿ!" ದೂಮ ಕೊಪ್ಪರಿಗೆಯಿಂದ ಕೂಗಿದ.

"ಒತ್ತಿಯೇ ಇದ್ದೇನೆ ಹಾಳಾದವನೇ! ಹಿಡಿಯುದಿಲ್ಲ!"

"ಒತ್ತಿದ್ರೆ ಇಲ್ಲಿ ನನ್ನೆದುರಿನ ಮೀಟರಿನ ಬಲ್ಬು ಹೊತ್ತುತ್ತದೆ!" ಎಂದು ಸಂಜೀವ ಅತ್ತ.

"ಹಾಂ! ಅರ್ತ್ ಇಲ್ಲ! ಪಾಪದ ಕರೆಂಟು ವಾಪಸ್ ಬರುವ ದಾರಿ ಸಿಗದೆ ಕಂಡವರ ಮನೆಗೆ ನುಗ್ತಾ ಉಂಟು!"

ನಾವು ಸಾಯಲು ಹೊರಟಿದ್ದೇವೆ, ಅವನಿಗೆ ಕರೆಂಟಿನ ಮೇಲೆ ಪಾಪ. ತಿರುಗಿ ನೋಡಿದರೆ ಅನ್ನ ಮಗುಚುವ ಉದ್ದ ಹಿಡಿಯ ಕಬ್ಬಿಣದ ಸಟ್ಟುಗವನ್ನು ಎತ್ತಿಕೊಂಡಿದ್ದಾನೆ. ಕೊಪ್ಪರಿಗೆಯಿಂದ ಅರ್ಧ ಹೊರಗೆ ಬಗ್ಗಿ, ಸಟ್ಟುಗದ ಒಂದು ತುದಿಯನ್ನು ಟ್ರೈಲರಿನ ಕಬ್ಬಿಣಕ್ಕೂ ಇನ್ನೊಂದನ್ನು ವ್ಯಾನಿನ ಕಬ್ಬಿಣಕ್ಕೂ ಒತ್ತಿದ. ಕಿಡಿ ಹಾರಿತು. ಕರೆಂಟಿಗೆ ದಾರಿ ಸಿಕ್ಕಿ ಬ್ರೇಕು ಕಚ್ಚಿತು. ಕಚ್ಚಿದ ಪೆಟ್ಟಿಗೆ ದೂಮ ಕೊಪ್ಪರಿಗೆಯ ಒಳಗೆ ಬಿದ್ದ, ಸಟ್ಟುಗ ತಪ್ಪಿತು, ಬ್ರೇಕು ಬಿಟ್ಟಿತು. ಮತ್ತೆ ಎದ್ದ, ಮತ್ತೆ ಒತ್ತಿದ, ಮತ್ತೆ ಬಿದ್ದ. ಹೀಗೆ ಬಿಕ್ಕಳಿಸುತ್ತಾ ಬಿಕ್ಕಳಿಸುತ್ತಾ ವ್ಯಾನು ತಿರುವಿಗೆ ಸ್ವಲ್ಪ ಮೊದಲು ನಿಂತಿತು.

ದೂಮ ಇಳಿದು ಕೊಂಡಿಯ ಹತ್ತಿರ ವಯರು ಹಿಡಿದು ನಾಲಿಗೆಗೆ ಇಟ್ಟ. "ಬಿಂಬುಳಿ. ಬ್ಯಾಟರಿಗೆ ಎಂತ ಇಲ್ಲ." ಆಮೇಲೆ ಕೊಂಡಿಯನ್ನು ಬಿಚ್ಚಿದ. ಒಳಗೆ ಮಡಚಿಟ್ಟ ಅಡಿಕೆ ಹಾಳೆಯ ತುಂಡು. ಕಬ್ಬಿಣ ಕಬ್ಬಿಣಕ್ಕೆ ತಾಗದ ಹಾಗೆ ನಡುವೆ ಮೆತ್ತಗೆ ಕುಳಿತಿತ್ತು.

"ಯಾವ ಬೇವರ್ಸಿ ಇಲ್ಲಿ ಹಾಳೆ ಇಟ್ಟದ್ದು?" ಎಂದು ರೇಗಿದ.

ನಾನೂ ಸಂಜೀವನೂ ಅವನ ಮುಖ ನೋಡಿದೆವು. ಅವನು ಹಾಳೆ ನೋಡಿದ. ಮಡಂತ್ಯಾರಿನ ದಿಕ್ಕಿಗೆ ನೋಡಿದ.

"ಬೊಂಬಾಯಿಯಲ್ಲಿ ಅಡಿಕೆ ಮರ ಇಲ್ಲ ಅಕ್ಕ" ಎಂದ ಕೊನೆಗೆ. "ಅದಕ್ಕೆ ಅಲ್ಲಿ ಈ ತೊಂದರೆ ಬರುದಿಲ್ಲ."

ಟಣ್ ಟಣ್ ಎಂದು ಬಡಿದುಕೊಂಡೇ ಮಧ್ಯಾಹ್ನದೊಳಗೆ ಮುಟ್ಟಿದೆವು. ಮನೆಯ ಯಜಮಾನರು ಅಂಗಳಕ್ಕೆ ಬಂದು, "ಪಾತ್ರೆ ತಂದದ್ದೋ, ಬ್ಯಾಂಡಿನವರನ್ನೋ?" ಎಂದು ಕೇಳಿದರು. ಅಡುಗೆಯವರು ಬಗ್ಗಿದ ಸಟ್ಟುಗ ಎತ್ತಿ, "ಇದಕ್ಕೆ ಎಂತ ಆಯ್ತು?" ಎಂದರು. "ಅದು ಬ್ರೇಕು" ಎಂದೆ. ಮರುದಿನ ಊಟ ಸಾಂಗವಾಗಿ ನಡೆಯಿತು. ಪಂಕ್ತಿಯ ನಡುವೆ ದೂಮ ಗಟ್ಟಿಯಾಗಿ "ಸಾರಿಗೆ ಉಪ್ಪು ಕಡಿಮೆ" ಎಂದದ್ದಕ್ಕೆ ಅಡುಗೆಯವರು ಅದೇ ಸಟ್ಟುಗ ಹಿಡಿದುಕೊಂಡು ಬಂದರು. ಯಜಮಾನರೇ ನಡುವೆ ನಿಂತು ಬಿಡಿಸಿದರು. ಆ ಕಡೆಯ ಮದುವೆಗಳು ನನ್ನ ಕೈ ತಪ್ಪಲಿಲ್ಲ.

ಕೆಲವು ವರ್ಷಗಳ ನಂತರ ಆ ಕರೆಂಟಿನ ಬ್ರೇಕನ್ನು ತೆಗೆಸಿ ಬೇರೆ ಹಾಕಿಸಿದೆವು. ಪೇರಳೆ ಸ್ವಿಚ್ಚು ಮಾತ್ರ ವ್ಯಾನಿನಲ್ಲಿ ನೇತಾಡುತ್ತಲೇ ಇತ್ತು. ದೂಮನಿಗೆ ದಮ್ಮು ಶುರುವಾಯಿತು, ಅಂಗಡಿ ಮುಚ್ಚಿತು. ಒಂದು ದಿನ ಬಂದು, "ಮೂಡುಬಿದಿರೆಗೆ ಪಾತ್ರೆ ಹೋಗುವುದುಂಟಾ?" ಎಂದು ಕೇಳಿದ. ಆ ದಿನ ಅಲ್ಲಿಗೆ ಹೋಗುವ ಪಾತ್ರೆ ಇರಲಿಲ್ಲ. ಆದರೂ ಖಾಲಿ ಟ್ರೈಲರ್ ಕಟ್ಟಿಸಿದೆ. ಇಲ್ಲದಿದ್ದರೆ ಅವನು ಹತ್ತುತ್ತಿರಲಿಲ್ಲ.

ನನ್ನ ಜಾಗದಲ್ಲಿ ಅವನನ್ನು ಕೂರಿಸಿ ನಾನು ಹಿಂದೆ ಕೂತೆ. ಪ್ರತಿ ಇಳಿಜಾರಿಗೂ ಆ ಸ್ವಿಚ್ಚು ಒತ್ತಿ, "ಹಿಡಿಯಿತಾ ಸಂಜೀವ?" ಎಂದು ಕೇಳುತ್ತಿದ್ದ. "ಹಿಡಿಯಿತು ದೂಮಣ್ಣ" ಎಂದು ಸಂಜೀವ ಪ್ರತಿ ಸಲವೂ ಹೇಳಿದ. ತಂಗಿ ಬಾಗಿಲಿಗೆ ಬಂದು ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, "ಊಟ ಆಯ್ತಾ?" ಎಂದು ಮಾತ್ರ ಕೇಳಿದಳು. ಅವನು ಒಳಗೆ ಹೋದ. ನಾವು ವ್ಯಾನು ತಿರುಗಿಸಿದೆವು.

ಮಳೆಗಾಲ ಮುಗಿಯುವ ಮೊದಲು ದೂಮ ತೀರಿಕೊಂಡ. ತಂಗಿಯ ಮನೆಯಲ್ಲಿ ನಡೆದ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ನಮ್ಮ ಪಾತ್ರೆಯೇ ಹೋಯಿತು, ಆ ಬಗ್ಗಿದ ಸಟ್ಟುಗವೂ. ನಾನೂ ಪಂಕ್ತಿಯಲ್ಲಿ ಕೂತೆ. ಅವತ್ತು ಸಾರಿಗೆ ನಿಜವಾಗಿಯೂ ಉಪ್ಪು ಕಡಿಮೆಯಿತ್ತು. ಎಲ್ಲರೂ ಸುಮ್ಮನೆ ಉಂಡರು.